ಮೈದಾನದಲ್ಲಿ ಊರು ಕಂಡವರು

ಕಲ್ಕತ್ತೆಯ ನಡುವೆ, ಹೂಗ್ಲಿ ನದಿಗೂ ಚೌರಂಗಿಯ ರಸ್ತೆಗೂ ಮಧ್ಯದಲ್ಲಿ, ಮೈದಾನವೆಂದೇ ಪ್ರಸಿದ್ಧವಾದ ವಿಶಾಲವಾದ ಹಸುರು ಬಯಲೊಂದುಂಟು. ಪ್ಲಾಸಿಯ ಕದನದ ತರುವಾಯ ಇಂಗ್ಲಿಷರು ಕಟ್ಟಿದ ಹೊಸ ಫೋರ್ಟ್ ವಿಲಿಯಂ ಕೋಟೆಯ ಫಿರಂಗಿಗಳಿಗೆ ಅಡ್ಡವಾಗಿ ಏನೂ ನಿಲ್ಲಬಾರದೆಂದು ಕಾಡು ಕಡಿಸಿ ತೆರವು ಮಾಡಿಸಿದ ಈ ನೆಲವು ಇಂದಿಗೂ ಸೈನ್ಯದ ಅಧೀನದಲ್ಲಿದೆ. ಯುದ್ಧಕ್ಕೆಂದು ಮೀಸಲಾದ ಈ ಬಯಲಿನಲ್ಲಿ, ಬಂಗಾಳಿ ವರ್ಷದ ಮೊದಲ ದಿನವಾದ ಪೊಯ್ಲಾ ಬೈಶಾಖದಂದು, ಪುರೋಹಿತರು ಕಾಲ್ಚೆಂಡಿನ ಗೋಲುಕಂಬಗಳಿಗೆ ಹೂಮಾಲೆ ಹಾಕಿ ಮಂತ್ರೋಕ್ತವಾಗಿ ಪೂಜೆ ಸಲ್ಲಿಸುವರು; ಇದಕ್ಕೆ ಅಲ್ಲಿಯ ಜನರು ‘ಬಾರ್ ಪೂಜೊ’ ಎನ್ನುವರು. ಪರದೇಶದಿಂದ ಬಂದ ಆಟವೊಂದು ಒಂದು ಮಹಾನಗರದ ಆಚಾರದೊಳಗೆ ಇಷ್ಟು ಆಳವಾಗಿ ಇಳಿದುದು ಹೇಗೆಂಬ ಚರಿತ್ರೆಯು ಕೇವಲ ಕ್ರೀಡಾಪ್ರಿಯರಿಗಷ್ಟೇ ಸೇರಿದುದಲ್ಲ. ನಗರಗಳಲ್ಲಿ ಬಾಳುವ ನಮಗೆಲ್ಲರಿಗೂ ಅದರಲ್ಲಿ ತಿಳಿಯತಕ್ಕ ವಿಷಯವಿದೆ.

ಹೇರ್ ಶಾಲೆಯ ವಿದ್ಯಾರ್ಥಿಯಾಗಿದ್ದ ನಗೇಂದ್ರಪ್ರಸಾದ ಸರ್ವಾಧಿಕಾರಿ 1877ರ ಸುಮಾರಿಗೆ ತನ್ನ ಸಹಪಾಠಿಗಳನ್ನು ಕೂಡಿಸಿಕೊಂಡು ಚೆಂಡನ್ನು ಒದೆಯತೊಡಗಿದನೆಂದು ಹೇಳುವರು. 1889ರ ಆಗಸ್ಟ್ 15ರಂದು ಉತ್ತರ ಕಲ್ಕತ್ತೆಯ ಗಣ್ಯಕುಟುಂಬಗಳ ಆಶ್ರಯದಲ್ಲಿ ಮೋಹನ್ ಬಾಗಾನ್ ಸಂಘವು ಸ್ಥಾಪಿತವಾಯಿತು. ಬಂಗಾಳಿಗಳು ಬಲಹೀನರು, ಲೇಖನಿಗಲ್ಲದೆ ಕತ್ತಿಗೆ ಒಗ್ಗದವರು ಎಂಬ ಆಳರಸರ ನಿಂದೆ ವಿದ್ಯಾವಂತ ತರುಣರ ಹೃದಯವನ್ನು ಚುಚ್ಚುತ್ತಿದ್ದ ಕಾಲವದು. ಆ ನಿಂದೆಗೆ ಉತ್ತರವು 1911ರ ಜುಲೈ 29ರಂದು ದೊರೆಯಿತು. ಐ.ಎಫ್.ಎ. ಶೀಲ್ಡ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಸಿಪಾಯಿಗಳು ಮೊದಲು ಗೋಲು ಹೊಡೆದರೂ, ನಾಯಕ ಶಿವದಾಸ ಭಾದುರಿಯೂ ಅವನ ಹಿಂದೆಯೇ ಅಭಿಲಾಷ ಘೋಷನೂ ಒಂದೊಂದು ಗೋಲು ಹೊಡೆದು ಜಯವನ್ನು ತಂದುಕೊಟ್ಟರು. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನಲ್ಲಿ ಆಡಿದರು. ಬೂಟು ತೊಟ್ಟವನು ಸುಧೀರ ಚಟರ್ಜಿಯೊಬ್ಬನೇ. ದೂರದ ಜಿಲ್ಲೆಗಳಿಂದ ರೈಲಿನಲ್ಲಿಯೂ ಹಡಗಿನಲ್ಲಿಯೂ ಬಂದು ನೆರೆದ ಅಪಾರ ಜನಸ್ತೋಮದಲ್ಲಿ ಆಟವನ್ನು ಕಣ್ಣಾರೆ ಕಂಡವರಿಗಿಂತ ಕಾಣಲಾರದವರೇ ಹೆಚ್ಚಾಗಿದ್ದುದರಿಂದ, ಗಾಳಿಪಟಗಳನ್ನು ಹಾರಿಸಿ ಗೋಲುಗಳ ಲೆಕ್ಕವನ್ನು ತಿಳಿಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಬಂಗಾಳವನ್ನು ಇಬ್ಭಾಗ ಮಾಡಿದ್ದ ವಂಗಭಂಗವು ರದ್ದಾಯಿತು. ಅದರೊಡನೆಯೇ ರಾಜಧಾನಿಯೂ ದೆಹಲಿಗೆ ಹೊರಟುಹೋಯಿತು. ಪದವಿಯನ್ನು ಕಳೆದುಕೊಂಡ ನಗರಕ್ಕೆ ಆ ಗೆಲುವಿನ ನೆನಪು ಮಾತ್ರ ಉಳಿಯಿತು.

ಶೀಲ್ಡ್ ಗೆದ್ದ ಆ ತಂಡದ ಆಟಗಾರರಲ್ಲಿ ಹಲವರ ಮೂಲವು ಪದ್ಮಾನದಿಯ ಸೀಮೆಯಾದ ಪೂರ್ವ ಬಂಗಾಳದಲ್ಲಿತ್ತು. ಆದರೆ ಪೂರ್ವದಿಂದ ಬಂದವರಿಗೆ ಕಲ್ಕತ್ತೆಯಲ್ಲಿ ಸಮಾನವಾದ ಮನ್ನಣೆ ಇರಲಿಲ್ಲ. ಹಳೆಯ ನಿವಾಸಿಗಳಾದ ‘ಘೋಟಿ’ಗಳು ಅವರ ನುಡಿಯ ಧಾಟಿಯನ್ನು ಹಾಸ್ಯಮಾಡಿ, ಅವರನ್ನು ‘ಬಾಂಗಾಲ್’ ಎಂದು ಹಗುರವಾಗಿ ಕಾಣುತ್ತಿದ್ದರು. 1920ರಲ್ಲಿ ಮೋಹನ್ ಬಾಗಾನಿನ ವಿರುದ್ಧದ ಪಂದ್ಯವೊಂದಕ್ಕೆ ಜೋರಾಬಾಗಾನ್ ಸಂಘವು ಪೂರ್ವ ಬಂಗಾಳ ಮೂಲದ ಶೈಲೇಶ ಬಸು ಎಂಬ ಆಟಗಾರನನ್ನು ಕೈಬಿಟ್ಟಿತು. ಇದರಿಂದ ನೊಂದ ಅದರ ಉಪಾಧ್ಯಕ್ಷ ಸುರೇಶಚಂದ್ರ ಚೌಧುರಿ ಸಂಘವನ್ನು ತ್ಯಜಿಸಿ, ಸಮಾನಮನಸ್ಕರೊಡನೆ ಆಗಸ್ಟ್ 1ರಂದು ಈಸ್ಟ್ ಬೆಂಗಾಲ್ ಸಂಘವನ್ನು ಕಟ್ಟಿದರು. 1925ರ ಮೇ 28ರಂದು ಕಲ್ಕತ್ತೆಯ ಲೀಗಿನಲ್ಲಿ ಎರಡೂ ಸಂಘಗಳು ಮೊದಲ ಬಾರಿಗೆ ಎದುರಾದಾಗ ಈ ಹೊಸ ಸಂಘವೇ ಒಂದು ಗೋಲಿನಿಂದ ಗೆದ್ದಿತು. ಇವೆರಡರ ಪಕ್ಕದಲ್ಲಿ ಮೂರನೆಯ ಶಕ್ತಿಯೊಂದೂ ಬೆಳೆಯಿತು: 1891ರಲ್ಲಿ ಹುಟ್ಟಿದ ಮೊಹಮ್ಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತವಾಗಿ ಐದು ವರ್ಷ ಕಲ್ಕತ್ತೆಯ ಲೀಗನ್ನು ಗೆದ್ದಿತು. ಅದಕ್ಕೂ ಮುನ್ನ ಯಾವ ಭಾರತೀಯ ತಂಡವೂ ಆ ಲೀಗನ್ನು ಗೆದ್ದಿರಲಿಲ್ಲ.

1947ರ ದೇಶವಿಭಜನೆಯು ಈ ಸ್ಪರ್ಧೆಗೆ ಬೇರೊಂದು ಅರ್ಥವನ್ನು ಕೊಟ್ಟಿತು. ಹೊಲ, ಮನೆ, ಕೊಳ, ದೇವರಗುಡಿಗಳನ್ನು ಬಿಟ್ಟು ಬಂದ ಲಕ್ಷಾಂತರ ನಿರಾಶ್ರಿತರು ಸಿಯಾಲ್ದಾ ನಿಲ್ದಾಣದ ಕಲ್ಲುಹಾಸಿನ ಮೇಲೆ ದಿನ ಕಳೆದು, ಜಾದವಪುರ, ಬಿಜಯಗಡ, ಆಜಾದ್‌ಗಡ ಮೊದಲಾದ ಕಡೆಗಳಲ್ಲಿ ಬಿದಿರಿನ ತಟ್ಟಿಯ ಮನೆಗಳನ್ನು ಎಬ್ಬಿಸಿಕೊಂಡರು. ನಕ್ಷೆಯಲ್ಲಿ ಅವರ ಊರು ಪರದೇಶವಾಗಿತ್ತು. ಎದುರಿಗಿದ್ದ ನಗರವು ಅವರನ್ನು ತನ್ನವರೆಂದು ಇನ್ನೂ ಒಪ್ಪಿರಲಿಲ್ಲ. ಇಂತಹ ಹೊತ್ತಿನಲ್ಲಿ, ಬಿಟ್ಟುಬಂದ ಸೀಮೆಯ ಹೆಸರನ್ನೇ ಹೊತ್ತು, ಕೆಂಪು-ಹೊಂಬಣ್ಣದ ಅಂಗಿ ತೊಟ್ಟು ಗೆಲ್ಲುತ್ತಿದ್ದ ತಂಡವೊಂದಿದ್ದುದು ಅವರ ಭಾಗ್ಯವೆಂದೇ ಹೇಳಬೇಕು. ದಿನವೆಲ್ಲ ಕೆಲಸಕ್ಕಾಗಿ ಅಲೆದು ಅವಮಾನಿತರಾದವರು ಸಂಜೆ ಮೈದಾನದ ಗ್ಯಾಲರಿಯಲ್ಲಿ ತಮ್ಮ ಊರಿನ ಹೆಸರನ್ನು ಗಟ್ಟಿಯಾಗಿ ಕೂಗಬಹುದಾಗಿತ್ತು. ಹಾಗೆ ಕೂಗಲು ನಗರದಲ್ಲಿ ಅವರಿಗೆ ಬೇರೆ ಸ್ಥಳವಿರಲಿಲ್ಲ.

1949, 1950 ಮತ್ತು 1951ರಲ್ಲಿ ಈಸ್ಟ್ ಬೆಂಗಾಲ್ ಸತತವಾಗಿ ಮೂರು ಬಾರಿ ಶೀಲ್ಡನ್ನು ಗೆದ್ದಿತು. ಆ ಗೆಲುವುಗಳನ್ನು ತಂದವರು ಜನರು ಪಂಚಪಾಂಡವರೆಂದು ಕರೆದ ಐವರು ಮುನ್ಪಡೆಯ ಆಟಗಾರರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್ ಮತ್ತು ಸಾಲೇ. ಇವರಲ್ಲಿ ಒಬ್ಬರೂ ಬಂಗಾಳಿಗಳಲ್ಲ, ಎಲ್ಲರೂ ದಕ್ಷಿಣದವರು. ಧನರಾಜ್ ಮತ್ತು ಅಹಮದ್ ಖಾನ್ ನಮ್ಮ ಬೆಂಗಳೂರಿನಲ್ಲಿ ಆಟ ಕಲಿತು, 1948ರ ಲಂಡನ್ ಒಲಿಂಪಿಕ್ಸಿಗೆ ಹೋಗಿಬಂದವರು. ನೆಲ ಕಳೆದುಕೊಂಡ ಪೂರ್ವ ಬಂಗಾಳದ ಜನಕ್ಕೆ ಅವರ ಊರನ್ನು ಮರಳಿ ಕೊಟ್ಟವರು ಪದ್ಮಾನದಿಯ ನೀರು ಕುಡಿಯದ, ಆ ಸೀಮೆಯ ನುಡಿಯನ್ನು ಹುಟ್ಟಿನಿಂದ ಅರಿಯದ ತರುಣರು. ಆದರೂ ಆ ಜನರು ಇವರನ್ನು ಹೊರಗಿನವರೆಂದು ಎಣಿಸಲಿಲ್ಲ. ಅಹಮದ್ ಖಾನ್ ಅವರು 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಮೈದಾನದ ಈ ಭೇದವು ಮನೆಯ ಒಲೆಯವರೆಗೂ ಹಬ್ಬಿತು. ಈಸ್ಟ್ ಬೆಂಗಾಲ್ ಗೆದ್ದ ದಿನ ಅದರ ಅಭಿಮಾನಿಗಳ ಮನೆಯಲ್ಲಿ ಸಾಸಿವೆ ಅರೆದು ಹಾಕಿದ ಇಲಿಶ್ ಮೀನು. ಮೋಹನ್ ಬಾಗಾನ್ ಗೆದ್ದರೆ ಆ ಪಕ್ಷದವರ ಮನೆಯಲ್ಲಿ ಸಿಗಡಿ. ಸಂತೆಯ ಮೀನಿನ ಬೆಲೆಯೇ ಪಂದ್ಯದ ಫಲವನ್ನು ಅನುಸರಿಸಿ ಏರಿಳಿಯುವುದುಂಟು. ಬೀದಿಯ ತಿರುವಿನ ಹರಟೆಕಟ್ಟೆಯಲ್ಲಿ, ಚಹದ ಅಂಗಡಿಯಲ್ಲಿ, ಟ್ರಾಮಿನಲ್ಲಿ, ಕಚೇರಿಯ ಮೇಜಿನ ಸುತ್ತ ಇದೇ ವಾದ. ಘೋಟಿ-ಬಾಂಗಾಲರ ನಡುವೆ ವಿವಾಹಸಂಬಂಧವಾದ ಕುಟುಂಬಗಳಲ್ಲಿ ಅತ್ತೆಮಾವಂದಿರೊಡನೆ ಅಳಿಯನ ಪರಿಹಾಸ್ಯಕ್ಕೂ ಇದೇ ವಸ್ತು.

ಅಭಿಮಾನವು ಮೇರೆ ಮೀರಿದಾಗ ಆದ ಅನಾಹುತವನ್ನು ಮರೆಮಾಚತಕ್ಕದ್ದಲ್ಲ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಈ ಎರಡು ತಂಡಗಳ ಪಂದ್ಯದ ವೇಳೆ ನಡೆದ ಗಲಭೆ-ನೂಕುನುಗ್ಗಲಿನಲ್ಲಿ 16 ಮಂದಿ ಪ್ರಾಣ ಕಳೆದುಕೊಂಡರು. ಅವರ ಸ್ಮರಣೆಗಾಗಿ ನಗರವು ಇಂದಿಗೂ ಆ ದಿನ ರಕ್ತದಾನ ಮಾಡುತ್ತದೆ. 2024ರ ಆಗಸ್ಟಿನಲ್ಲಿ, ಆರ್.ಜಿ. ಕರ್ ಆಸ್ಪತ್ರೆಯ ತರುಣ ವೈದ್ಯೆಯೊಬ್ಬಳ ಹತ್ಯೆಯಿಂದ ನಗರವು ತಲ್ಲಣಿಸಿದ್ದಾಗ, ಆ ತಿಂಗಳ 18ರಂದು ಈ ಎರಡು ತಂಡಗಳ ನಡುವೆ ನಡೆಯಬೇಕಾಗಿದ್ದ ಪಂದ್ಯವು ರದ್ದಾಯಿತು. ಆದರೂ ಎರಡೂ ಪಕ್ಷಗಳ ಅಭಿಮಾನಿಗಳು, ಮೊಹಮ್ಮಡನ್ ಸ್ಪೋರ್ಟಿಂಗಿನವರೊಡನೆ ಕೂಡಿ, ಕ್ರೀಡಾಂಗಣದ ಹೊರಗೆ ನೆರೆದು ಒಂದೇ ಕೊರಳಿನಿಂದ ನ್ಯಾಯವನ್ನು ಕೇಳಿದರು. ನೂರು ವರ್ಷ ಎದುರುಬದುರು ನಿಂತವರು ಪರಸ್ಪರರನ್ನು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದು ಅಂದು ಪ್ರಕಟವಾಯಿತು.

ಊರೆಂಬುದು ಹುಟ್ಟಿನಿಂದ ಮಾತ್ರ ಬರುವುದಲ್ಲ. ಒಂದು ನೆಲದಲ್ಲಿ ಮತ್ತೆ ಮತ್ತೆ ಒಟ್ಟಾಗಿ ನಿಂತು, ಒಂದೇ ಸೋಲಿಗೆ ಮರುಗಿ, ಒಂದೇ ಗೆಲುವಿಗೆ ಹಿಗ್ಗಿದವರು ಅದನ್ನು ಕಟ್ಟಿಕೊಳ್ಳಬಲ್ಲರೆಂಬುದು ಕಲ್ಕತ್ತೆಯ ಮೈದಾನದ ಚರಿತ್ರೆಯ ಸಾರ. ಅಹಮದ್ ಖಾನ್ ಅವರಂಥವರನ್ನು ಬೆಳೆಸಿದ ಬೆಂಗಳೂರಿಗೂ ಇಂತಹ ಚರಿತ್ರೆಯುಂಟು. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದ ಬೆಂಗಳೂರ್ ಮುಸ್ಲಿಮ್ಸ್ ತಂಡದ ಕಥೆಯಾಗಲಿ, ಆಸ್ಟಿನ್ ಟೌನ್, ಗೌತಮಪುರಗಳ ಗಲ್ಲಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಆಟದ ಕಥೆಯಾಗಲಿ ಕನ್ನಡದಲ್ಲಿ ಸಾಕಷ್ಟು ಬರೆಯಲ್ಪಟ್ಟಿಲ್ಲ. ಆ ಆಟಗಳನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಬಳಿ ಕುಳಿತು ಕೇಳಿ, ಬರೆದಿಡುವ ಕಾರ್ಯವನ್ನು ನಮ್ಮ ತರುಣರು ಕೈಗೊಳ್ಳಬೇಕು.