‘ವಿದ್ಯಾರ್ಥಿ’ ಎಂಬ ಹೆಸರಿನ ಮರೆಯಲ್ಲಿ

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಹಿರಿಯರು ನಮಗೆ ಕಲಿಸಿದ ನೀತಿ. ವಿದ್ಯೆಯು ಹಂಚಿದಷ್ಟೂ ಬೆಳೆಯುವುದೆಂಬುದೂ ಅವರದೇ ಮಾತು. ಎರಡನ್ನೂ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಅನ್ಯರ ಪರವಾಗಿ ಸಂಶೋಧನೆ ನಡೆಸುವವನಿಗೆ ಇವೆರಡೂ ಒಮ್ಮೊಮ್ಮೆ ಎದುರುಬದುರಾಗಿ ನಿಲ್ಲುತ್ತವೆ. ಕಂಡುದನ್ನೆಲ್ಲ ಹೊರಗೆಡಹಿದರೆ ಕೆಲಸ ಕೊಟ್ಟವರಿಗೆ ದ್ರೋಹ. ಏನನ್ನೂ ಹೇಳದಿದ್ದರೆ ಶಾಸ್ತ್ರಕ್ಕೆ ನಷ್ಟ. ಈ ಇಕ್ಕಟ್ಟಿನಲ್ಲಿ ಸಿಲುಕಿಯೂ ಎರಡು ನೀತಿಗಳನ್ನೂ ಉಳಿಸಿಕೊಂಡ ಮಹನೀಯರೊಬ್ಬರ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ವಿಲಿಯಂ ಸೀಲಿ ಗಾಸೆಟ್ ಎಂಬವರು 1876ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಜನಿಸಿದರು. ಆಕ್ಸ್‌ಫರ್ಡಿನಲ್ಲಿ ಗಣಿತವನ್ನೂ ರಸಾಯನಶಾಸ್ತ್ರವನ್ನೂ ಅಭ್ಯಸಿಸಿ, 1899ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಗಿನ್ನೆಸ್ ಕಾರ್ಖಾನೆಯನ್ನು ಸೇರಿದರು. 1759ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು ಬಾರ್ಲಿಯಿಂದ ಬಿಯರ್ ತಯಾರಿಸುತ್ತಿತ್ತು. ಯಾವ ತಳಿಯ ಬಾರ್ಲಿ ಮೇಲು, ಯಾವ ಹೊಲದ ಬೆಳೆ ಉತ್ತಮ ಎಂಬುದನ್ನು ನಿರ್ಣಯಿಸಬೇಕಾಗಿತ್ತು. ಆದರೆ ಕೈಗೆ ದೊರೆಯುತ್ತಿದ್ದುದು ಕೆಲವೇ ಪರೀಕ್ಷೆಗಳ ಫಲ. ಅಂದಿನ ಸಂಖ್ಯಾಶಾಸ್ತ್ರದ ವಿಧಾನಗಳಾದರೋ ನೂರಾರು ಅಳತೆಗಳಿದ್ದಲ್ಲಿ ಮಾತ್ರ ನಂಬತಕ್ಕವು. ನಾಲ್ಕೈದು ಅಳತೆಗಳ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಯನ್ನು ಹೊತ್ತು ಗಾಸೆಟ್ಟರು 1906ರಲ್ಲಿ ಲಂಡನ್ನಿಗೆ ತೆರಳಿ, ಕಾರ್ಲ್ ಪಿಯರ್ಸನ್ ಎಂಬ ವಿದ್ವಾಂಸರ ಬಳಿ ಅಧ್ಯಯನ ಕೈಗೊಂಡರು.

ಅಲ್ಲಿ ಉತ್ತರವೇನೋ ದೊರೆಯಿತು, ಪ್ರಕಟಿಸುವುದೆಂತು? ಸಂಸ್ಥೆಯು ತನ್ನ ಕೆಲಸದ ಗುಟ್ಟುಗಳನ್ನು ಬಲು ಎಚ್ಚರದಿಂದ ಕಾಯುತ್ತಿತ್ತು. ಗಣಿತ ಬಲ್ಲವರನ್ನು ಅದು ಬಳಸಿಕೊಳ್ಳುತ್ತಿದೆಯೆಂಬ ಸುದ್ದಿಯೇ ಪ್ರತಿಸ್ಪರ್ಧಿಗಳಿಗೆ ದಾರಿ ತೋರಿಸಬಲ್ಲುದಾಗಿತ್ತು. ಆದುದರಿಂದ ನೌಕರನ ಹೆಸರಾಗಲಿ ಕಾರ್ಖಾನೆಯ ಹೆಸರಾಗಲಿ ಕಾಣಿಸಕೂಡದೆಂಬ ಕಟ್ಟಿನ ಮೇಲೆ ಅನುಮತಿ ಸಿಕ್ಕಿತು. ಗಾಸೆಟ್ಟರು ‘ಸ್ಟೂಡೆಂಟ್’, ಅಂದರೆ ‘ವಿದ್ಯಾರ್ಥಿ’, ಎಂಬ ಹೆಸರನ್ನು ತಳೆದರು. 1908ರಲ್ಲಿ ‘ಬಯೋಮೆಟ್ರಿಕ’ ಪತ್ರಿಕೆಯಲ್ಲಿ ಅವರ ಪ್ರಸಿದ್ಧ ಲೇಖನವು ಆ ಹೆಸರಿನಿಂದಲೇ ಅಚ್ಚಾಯಿತು.

ಅದರಲ್ಲಿನ ಪರೀಕ್ಷಾಕ್ರಮವು ನಮ್ಮ ಶಾಲಾ ಬಾಲಕರೂ ಅರಿಯಬಹುದಾದಷ್ಟು ಸರಳ. 3000 ಮಂದಿ ಅಪರಾಧಿಗಳ ಎತ್ತರವನ್ನೂ ಎಡಗೈಯ ನಡುಬೆರಳ ಉದ್ದವನ್ನೂ ಬೇರೊಬ್ಬರು ಮೊದಲೇ ಪ್ರಕಟಿಸಿದ್ದರು. ಗಾಸೆಟ್ಟರು ಆ ಅಂಕಿಗಳನ್ನು 3000 ರಟ್ಟಿನ ಚೂರುಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದರು. ಪ್ರತಿ ಗುಂಪಿನ ಸರಾಸರಿಯು ಒಟ್ಟು ಸರಾಸರಿಯಿಂದ ಎಷ್ಟು ದೂರ ಸರಿಯುವುದೆಂದು ನೋಡಿ, ತಾವು ಗಣಿತದಿಂದ ಪಡೆದ ಸೂತ್ರವನ್ನು ಅದರೊಡನೆ ತಾಳೆ ನೋಡಿದರು. ಕಾರ್ಖಾನೆಯ ಗುಟ್ಟನ್ನು ಮುಟ್ಟದೆಯೇ ವಿಧಾನವು ಪೂರ್ಣವಾಗಿ ಬೆಳಕಿಗೆ ಬಂದಿತು. ಮುಂದೆ ರೊನಾಲ್ಡ್ ಫಿಷರ್ ಅವರು ಅದಕ್ಕೆ ಬಿಗಿಯಾದ ಸಾಧನೆಯನ್ನು ಒದಗಿಸಿ, 1925ರ ತಮ್ಮ ಗ್ರಂಥದ ಮೂಲಕ ಲೋಕದಲ್ಲೆಲ್ಲ ಹರಡಿದರು. ಇಂದು ಬೆಳೆಯ ಇಳುವರಿಯನ್ನೂ ಔಷಧದ ಗುಣವನ್ನೂ ಪರೀಕ್ಷಿಸುವವರು ‘ಸ್ಟೂಡೆಂಟನ ಟಿ ಪರೀಕ್ಷೆ’ಯನ್ನು ಬಳಸುತ್ತಾರೆ. ಗಾಸೆಟ್ಟರು 1937ರಲ್ಲಿ ತೀರಿಕೊಂಡರು. ಆಪ್ತ ವಿದ್ವಾಂಸರಿಗೆ ಅವರಾರೆಂದು ತಿಳಿದಿದ್ದರೂ, ಶಾಸ್ತ್ರದಲ್ಲಿ ಇಂದಿಗೂ ನಿಂತಿರುವುದು ‘ವಿದ್ಯಾರ್ಥಿ’ಯ ಹೆಸರೇ.

ಇಲ್ಲಿ ಗಮನಿಸತಕ್ಕ ವಿವೇಕವೊಂದುಂಟು. ಯಾರ ಬಾರ್ಲಿ, ಯಾವ ಲೆಕ್ಕ ಎಂಬುದು ಕೆಲಸ ಕೊಟ್ಟವರ ಸೊತ್ತು. ಅಳತೆಯನ್ನು ನಂಬುವ ಬಗೆ ಎಂತೆಂಬುದು ಎಲ್ಲರ ಸೊತ್ತು. ಈ ಗೆರೆಯನ್ನು ಕಂಡುಕೊಂಡವನು ಮಾತ್ರವೇ ಗುಟ್ಟನ್ನೂ ಕಾಯಬಲ್ಲ, ವಿದ್ಯೆಯನ್ನೂ ಹಂಚಬಲ್ಲ. ಅದಕ್ಕೆ ಗಾಸೆಟ್ಟರು ತೆತ್ತ ಬೆಲೆ ತಮ್ಮ ಹೆಸರು. ಆದರೆ ಜನರಿಗೆ ಕೇಡಾಗುವುದನ್ನು ಮುಚ್ಚಿಡುವುದು ಗೋಪ್ಯಪಾಲನೆಯೆನಿಸದು. ಅದು ಕೇಡಿನಲ್ಲಿ ಪಾಲುಗೊಂಡಂತೆ.

ಇದು ದೂರದೇಶದ ದೊಡ್ಡವರ ಸಂಗತಿಯೆಂದು ಶಿಕ್ಷಕ ಬಂಧುಗಳು ತಿಳಿಯಬಾರದು. ಜನಗಣತಿಯ ಕಾಲದಲ್ಲಿ ಮನೆಮನೆಗೆ ಹೋಗಿ ಬರೆದುಕೊಳ್ಳುವ ಹೊಣೆ ಬಹುಮಟ್ಟಿಗೆ ನಮ್ಮಂಥವರ ಮೇಲೆಯೇ ಬೀಳುತ್ತದೆ. 1948ರ ಜನಗಣತಿ ಕಾಯಿದೆಯ 15ನೆಯ ಕಲಮಿನಂತೆ ಆ ಬರವಣಿಗೆಯನ್ನು ಯಾರೂ ನೋಡಲು ಹಕ್ಕಿಲ್ಲ. ಯಾವ ಮನೆಯವರು ಏನು ಹೇಳಿದರೆಂಬುದು ಗುಟ್ಟು. ಒಟ್ಟು ಎಣಿಕೆ ಮಾತ್ರ ಬಯಲು. ಗಡಿನಾಡಿನ ಕನ್ನಡಿಗರಿಗೆ ಇದರ ಬೆಲೆ ಹೆಚ್ಚು. ಮಾತೃಭಾಷೆ ಕನ್ನಡವೆಂದು ಒಂದು ಮನೆಯವರು ಬರೆಸಿದ ಮಾತು ನಮ್ಮ ಬಾಯಿಂದ ಸಂತೆಯಲ್ಲಿ ಬಿದ್ದರೆ, ನೆರೆಯ ಮನೆಯವರು ಮುಂದಿನ ಸಲ ಅಂಜಿ ಬೇರೆ ಹೇಳಿಯಾರು. ಆಗ ಎಣಿಕೆಯೇ ಸುಳ್ಳಾಗುವುದು. ಆ ಎಣಿಕೆಯನ್ನು ಆಧಾರವಾಗಿ ಹಿಡಿದು ನಮ್ಮ ಶಾಲೆಗಳಿಗಾಗಿ ಬೇಡಿಕೆಯಿಡುವ ಬಲವೂ ಕುಂದುವುದು. ಒಬ್ಬೊಬ್ಬರ ಗುಟ್ಟನ್ನು ಕಾಯ್ದಾಗಲೇ ಎಲ್ಲರ ನಿಜವು ಹೊರಬೀಳುವುದೆಂಬುದನ್ನು ನಾವು ಮೊದಲು ಕಲಿತು, ಬಳಿಕ ಮಕ್ಕಳಿಗೆ ಕಲಿಸೋಣ.