ಊರಿಗೆ ದೂರ ನಿಂತ ನಿಲ್ದಾಣಗಳು

ವಿಜಾಪುರ ಸೀಮೆಯ ರೈಲುಗಾಡಿಯಲ್ಲಿ ಪ್ರಯಾಣ ಮಾಡಿದವರು ‘ಇಂಡಿ ರೋಡ್’ ಎಂಬ ಹಲಗೆಯನ್ನು ನೋಡಿರುತ್ತೀರಿ. ಹೆಸರು ಇಂಡಿಯದು, ಇಳಿದು ನೋಡಿದರೆ ಇಂಡಿ ಅಲ್ಲಿಲ್ಲ. ತೆಲಗಿಯ ಬಳಿಯ ‘ಬಸವನ ಬಾಗೇವಾಡಿ ರೋಡ್’ ನಿಲ್ದಾಣದ ಕಥೆಯೂ ಅದೇ. ‘ಗಂಗೆಯಲ್ಲಿ ಗೊಲ್ಲರಹಳ್ಳಿ’ ಎಂದರೆ ಗಂಗೆಯ ದಡದಲ್ಲಿ ಎಂದು ತಿಳಿಯಬೇಕೆಂದು ಅಲಂಕಾರಶಾಸ್ತ್ರದವರು ಹೇಳುತ್ತಾರೆ. ನಾನು ತರಗತಿಯಲ್ಲಿ ಗಂಗೆಯನ್ನು ಬಿಟ್ಟು ಇಂಡಿ ರೋಡನ್ನೇ ಉದಾಹರಿಸುತ್ತೇನೆ. ಹುಡುಗರಿಗೆ ಬೇಗ ತಿಳಿಯುತ್ತದೆ.

ಈ ಹಳಿ ಬಂದದ್ದು ವಿನೋದಕ್ಕಲ್ಲ. 1876ರಲ್ಲಿ, ಧಾತು ಸಂವತ್ಸರದಲ್ಲಿ, ಮಳೆ ಕೈಕೊಟ್ಟಿತು. ಸೊಲ್ಲಾಪುರಕ್ಕೆ 1860ರಲ್ಲಿಯೇ ರೈಲು ಬಂದಿತ್ತು. 1871ರಲ್ಲಿ ಆ ಹಳಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತ್ತು. ಕಾಳುಕಡಿ ಅಲ್ಲಿಯವರೆಗೆ ಬರಬಹುದಾಗಿತ್ತು. ಅಲ್ಲಿಂದ ಸಿಂದಗಿ, ಮುದ್ದೇಬಿಹಾಳಗಳಿಗೆ ಸಾಗಿಸಲು ಎತ್ತಿನ ಬಂಡಿಯೇ ಗತಿ. ಮನುಷ್ಯನಿಗೇ ಅನ್ನವಿಲ್ಲದಾಗ ಎತ್ತಿಗೆ ಮೇವೆಲ್ಲಿ? ಮೇವಿಲ್ಲದ ಎತ್ತು ಬಂಡಿ ಎಳೆದೀತೆ? 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿಗಿಂತಲೂ ಹೆಚ್ಚು ತಗ್ಗಿತು. ಸತ್ತವರೆಷ್ಟೋ, ಗುಳೆ ಹೋದವರೆಷ್ಟೋ.

ಐದು ಸಾವಿರ ಮೈಲಿ ಹೊಸ ಹಳಿ ತುರ್ತಾಗಿ ಬೇಕೆಂದು 1880ರಲ್ಲಿ ಕ್ಷಾಮ ಆಯೋಗವು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಹೊಟಗಿಯಿಂದ ಗದಗಿನವರೆಗೆ ಮೀಟರ್ ಗೇಜ್ ಗಾಡಿ ಓಡಿತು. ಭೀಮೆಯನ್ನೂ ಕೃಷ್ಣೆಯನ್ನೂ ದಾಟುವ ಈ ದಾರಿ ಇಂಡಿ, ಬಾಗೇವಾಡಿ ತಾಲೂಕುಗಳ ನೆಲವನ್ನು ಮುಟ್ಟಿತು, ಊರುಗಳನ್ನು ಮುಟ್ಟಲಿಲ್ಲ. ಸಿಂದಗಿ, ಮುದ್ದೇಬಿಹಾಳಗಳಿಗಂತೂ ‘ರೋಡ್’ ಎಂಬ ಬಾಲವೂ ದಕ್ಕಲಿಲ್ಲ. ಹೊಟಗಿಯಲ್ಲಿ ದೊಡ್ಡ ಹಳಿಯ ಡಬ್ಬಿಯಿಂದ ಸಣ್ಣ ಹಳಿಯ ಡಬ್ಬಿಗೆ ಪ್ರತಿಯೊಂದು ಚೀಲವನ್ನೂ ಹೊತ್ತು ಹಾಕಬೇಕಾಗಿತ್ತು. ಖರ್ಚು ಉಳಿಸಲು ಹೊರಟವರು ಹಮಾಲರ ಬೆನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ನನಗೆ ತೋರುತ್ತದೆ.

ಹಳಿಯಿಂದ ದೂರ ಉಳಿದ ಊರಿನ ಪಾಡನ್ನು ಕಲಾದಗಿಯಲ್ಲಿ ನೋಡಬೇಕು. 1864ರಿಂದ ಅದು ಜಿಲ್ಲೆಯ ಮುಖ್ಯಸ್ಥಳ. ರೈಲು ವಿಜಾಪುರಕ್ಕೆ ಬಂದ ಮರುವರ್ಷವೇ, 1885ರಲ್ಲಿ, ಕಚೇರಿಗಳೂ ವಿಜಾಪುರಕ್ಕೆ ಹೋದವು. ಇಪ್ಪತ್ತೊಂದು ವರ್ಷದ ದೊರೆತನ!

ಇದಕ್ಕೆ ಎದುರಾಗಿ ನಿಂಬಾಳವನ್ನು ನೋಡಿರಿ. ಸಣ್ಣ ನಿಲ್ದಾಣ. ಅಲಹಾಬಾದ್ ವಿಶ್ವವಿದ್ಯಾಲಯದ ಗುರುದೇವ ರಾನಡೆಯವರು ಅದರ ಬಳಿಯಲ್ಲಿಯೇ ನೆಲೆಸಿ, 1957ರಲ್ಲಿ ಅಲ್ಲಿಯೇ ದೇಹವಿಟ್ಟರು.

ಈ ಶತಮಾನದ ಆರಂಭದಲ್ಲಿ ಮೀಟರ್ ಗೇಜ್ ಹೋಗಿ ದೊಡ್ಡ ಹಳಿ ಬಂತು. ಹೊಟಗಿಯ ಚೀಲ ಹೊರುವ ಕೆಲಸವೂ ನಿಂತಿತು. ಸಿಂದಗಿಯವರು ಇಂದಿಗೂ ಗಾಡಿ ಹಿಡಿಯಬೇಕಾದರೆ ಮೊದಲು ಬಸ್ಸು ಹತ್ತಬೇಕು.