ಪುನರ್ನ್ಯಾಯವೂ ನಿರ್ಣಯದ ತಡೆಯೂ

ವ್ಯವಹಾರದಲ್ಲಿ ಸೋತವನು ಮೇಲಿನ ಸಭೆಗೆ ಮೊರೆಯಿಟ್ಟ ಮಾತ್ರದಿಂದ ಗೆದ್ದವನ ಕೈಯ ಜಯಪತ್ರವು ನಿಷ್ಫಲವಾಗಬೇಕೆ? ತಡೆದರೆ, ನ್ಯಾಯವಾಗಿ ಸಲ್ಲತಕ್ಕ ಧನವು ವರ್ಷಗಟ್ಟಲೆ ಪ್ರತಿವಾದಿಯ ಬಳಿಯಲ್ಲಿಯೇ ನಿಲ್ಲುವುದು. ತಡೆಯದಿದ್ದರೆ, ಮನೆಯು ಹರಾಜಾದ ಮೇಲೆ ಅಪೀಲಿನಲ್ಲಿ ಬಂದ ಜಯವು ಬರಿಯ ಕಾಗದವಾಗುವುದು. ರೋಮಕರು ಮೊದಲನೆಯ ಪಕ್ಷವನ್ನು ಹಿಡಿದರು. ಕ್ರಿ. ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಪ್ರಕಟಿಸಿದ ಡೈಜೆಸ್ಟ್ ಎಂಬ ಸಂಗ್ರಹದ 49ನೆಯ ಪುಸ್ತಕದಲ್ಲಿ, ಅಪೀಲು ಹೂಡಿದ ಬಳಿಕ ಇದ್ದ ಸ್ಥಿತಿಯನ್ನು ಬದಲಿಸಲಾಗದೆಂಬ ವಿಷಯಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ನಮ್ಮ ಧರ್ಮಶಾಸ್ತ್ರಕಾರರ ದಾರಿಯು ಬೇರೆಯಾದುದು.

ತೀರಿದ ವ್ಯವಹಾರವನ್ನು ಮತ್ತೆ ಎತ್ತಕೂಡದೆಂಬ ಮನುವಚನವನ್ನು (9-233) ಹಿಡಿದು, ಹಿಂದೂ ನ್ಯಾಯದಲ್ಲಿ ಅಪೀಲೇ ಇರಲಿಲ್ಲವೆಂದು ವಾದಿಸುವುದುಂಟು. ಹಾಗೆನ್ನುವವರು ಮುಂದಿನ ಶ್ಲೋಕವನ್ನು ಓದದೆ ಪುಸ್ತಕವನ್ನು ಮುಚ್ಚಿದವರೆಂದೇ ಹೇಳಬೇಕು. ಅಮಾತ್ಯನಾಗಲಿ ಪ್ರಾಡ್ವಿವಾಕನಾಗಲಿ ಅನ್ಯಥಾ ತೀರ್ಮಾನಿಸಿದರೆ ಅರಸನು ತಾನೇ ಅದನ್ನು ವಿಚಾರಿಸಿ ಅವರನ್ನು ದಂಡಿಸಬೇಕೆಂದು ಅಲ್ಲಿಯೇ ವಿಧಿಯಿದೆ. ಯಾಜ್ಞವಲ್ಕ್ಯನು ಕುಲ, ಶ್ರೇಣಿ, ಪೂಗ, ನೃಪಾಧಿಕೃತರೆಂದು ಸಭೆಗಳ ತಾರತಮ್ಯವನ್ನು ಹೇಳುತ್ತಾನೆ (2-30). ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಇದನ್ನು ವಿವರಿಸುತ್ತ, ಕುಲದಲ್ಲಿ ಸೋತವನು ಶ್ರೇಣಿಗೆ ಹೋಗಬಹುದೆಂದೂ, ಮೇಲಿನವರು ತೀರಿಸಿದುದನ್ನು ಕೆಳಗಿನವರ ಬಳಿಗೆ ಒಯ್ಯಲಾಗದೆಂದೂ ಸ್ಪಷ್ಟಪಡಿಸಿದ್ದಾನೆ.

ಆದರೆ ಈ ಏರುವಿಕೆಯು ಸುಲಭವಾದುದಲ್ಲ. ರಾಜನ ಮುಂದೆ ಹೋದವನ ವ್ಯವಹಾರವು ಪಣವೊಡ್ಡಿದ ವ್ಯವಹಾರವಾಗುತ್ತದೆ. ಹಿಂದಿನ ಸಭ್ಯರೂ ಅಲ್ಲಿರಬೇಕು. ಮೊರೆಯಿಟ್ಟವನು ಸೋತರೆ ಅವನಿಗೆ ದಂಡ, ಗೆದ್ದರೆ ಆ ಸಭ್ಯರಿಗೆ ದಂಡ. ದ್ವಿಗುಣ ದಂಡಕ್ಕೆ ಒಪ್ಪಿಯೇ ಕಾರ್ಯವನ್ನು ಮತ್ತೆ ಎತ್ತಬೇಕೆಂಬುದು ನಾರದನ ಮತ. ವ್ಯವಹಾರಾಧ್ಯಾಯದ ಕೊನೆಯಲ್ಲಿ ಯಾಜ್ಞವಲ್ಕ್ಯನು ಇದೇ ತಕ್ಕಡಿಯ ಎರಡು ತಟ್ಟೆಗಳನ್ನೂ ತೋರಿಸುತ್ತಾನೆ: ನಿರ್ಣಯವು ದುಷ್ಟವೆಂದು ಕಂಡರೆ ಗೆದ್ದವನೊಡನೆ ಸಭ್ಯರೂ ಇಮ್ಮಡಿ ದಂಡವನ್ನು ತೆರಬೇಕು; ನ್ಯಾಯವಾಗಿ ಸೋತೂ ಸೋತಿಲ್ಲವೆನ್ನುವವನು ಮತ್ತೆ ಸೋತರೆ ಆ ಇಮ್ಮಡಿಯು ಅವನ ಪಾಲಿಗೆ. ಕಾಲವನ್ನು ಕಳೆಯುವುದಕ್ಕಾಗಿಯೇ ಮೇಲಕ್ಕೆ ಹೋಗುವವನಿಗೆ ಇದಕ್ಕಿಂತ ಬಲವಾದ ತಡೆ ಯಾವುದು?

ಗೆದ್ದವನ ಧನಕ್ಕೆ ರಕ್ಷೆಯೇನೆಂಬುದಕ್ಕೆ ಉತ್ತರವು ವ್ಯವಹಾರದ ಆರಂಭದಲ್ಲಿಯೇ ಇದೆ. ವಾದಿಪ್ರತಿವಾದಿಗಳಿಬ್ಬರಿಂದಲೂ ಸಮರ್ಥನಾದ ಪ್ರತಿಭುವನ್ನು, ಎಂದರೆ ಜಾಮೀನುದಾರನನ್ನು, ಮೊದಲೇ ತೆಗೆದುಕೊಳ್ಳಬೇಕು (2-10). ಸಾಧಿತವಾದ ಧನವನ್ನೂ ದಂಡವನ್ನೂ ಕೊಡಬಲ್ಲವನೇ ಸಮರ್ಥನೆಂದು ಮಿತಾಕ್ಷರೆಯ ಅಭಿಪ್ರಾಯ. ಪ್ರತಿಭುವು ದೊರೆಯದಿದ್ದರೆ, ಕಾತ್ಯಾಯನನ ಪ್ರಕಾರ, ವಾದಿಯನ್ನು ಕಾವಲಿನಲ್ಲಿಡಬೇಕು. ಆ ಕಾವಲುಗಾರನ ದಿನಗೂಲಿಯೂ ಅವನ ತಲೆಯ ಮೇಲೆಯೇ! ಹೀಗೆ ನಿರ್ಣಯಕ್ಕೆ ಮೊದಲೇ ಭದ್ರತೆಯಿದ್ದುದರಿಂದ, ಪುನರ್ನ್ಯಾಯದ ಕಾಲದಲ್ಲಿ ತಡೆಯ ಪ್ರಶ್ನೆಯನ್ನು ಪ್ರತ್ಯೇಕವಾಗಿ ಚರ್ಚಿಸುವ ಅಗತ್ಯವು ಶಾಸ್ತ್ರಕಾರರಿಗೆ ಅಷ್ಟಾಗಿ ತೋರಲಿಲ್ಲವೆಂದು ಊಹಿಸಬಹುದು.

ಆಂಗ್ಲರ ಆಳ್ವಿಕೆಯಲ್ಲಿ ಬಂದ ಸಂಹಿತೆಗಳು ಈ ಭದ್ರತೆಯನ್ನು ಆರಂಭದಿಂದ ಕೊನೆಗೆ ಸರಿಸಿದುವು. ಇದರ ಫಲವು ಬೇಗನೆ ಕಂಡಿತು. ಭಾರತದಲ್ಲಿ ದಾವೆಗಾರನ ಕಷ್ಟಗಳು ಡಿಕ್ರಿ ದೊರೆತ ಬಳಿಕವೇ ಮೊದಲಾಗುತ್ತವೆಂಬ ಅರ್ಥದ ಮಾತು ದರ್ಭಾಂಗಾ ಸಂಸ್ಥಾನದ ಒಂದು ವ್ಯಾಜ್ಯದಲ್ಲಿ, 1872ರಲ್ಲಿಯೇ, ಪ್ರೀವಿ ಕೌನ್ಸಿಲಿನಿಂದ ಬಂದಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೆಯ ಆರ್ಡರಿನ 5ನೆಯ ನಿಯಮವು ರೋಮಕರ ಮಾರ್ಗವನ್ನು ಬಿಟ್ಟು, ಅಪೀಲು ಹೂಡಿದ ಮಾತ್ರಕ್ಕೆ ಡಿಕ್ರಿಯ ಅಮಲ್ಜಾರಿ ನಿಲ್ಲದೆಂದು ವಿಧಿಸಿತು. ತಡೆಯನ್ನು ಬೇಡುವವನು ತನಗೆ ಗಣನೀಯವಾದ ನಷ್ಟವಾಗುವುದೆಂದು ತೋರಿಸಬೇಕು, ಅನುಚಿತವಾಗಿ ತಡಮಾಡಿರಬಾರದು, ಜಾಮೀನನ್ನು ಕೊಡಬೇಕು. ಮುಂದಿನ ನಿಯಮವು ಇನ್ನೂ ಸ್ವಾರಸ್ಯವಾದುದು: ಅಮಲ್ಜಾರಿಗೆ ಅಪ್ಪಣೆಯಾದಲ್ಲಿ, ಅಪೀಲಿನಲ್ಲಿ ಡಿಕ್ರಿಯು ತಿರುಗಿದರೆ ಪಡೆದುದನ್ನು ಹಿಂದಕ್ಕೆ ಕೊಡುವೆನೆಂದು ಗೆದ್ದವನಿಂದಲೂ ಜಾಮೀನನ್ನು ಪಡೆಯಬಹುದು. ಉಭಯರ ಪ್ರತಿಭುಗಳು ಇಲ್ಲಿ ಬೇರೆ ವೇಷದಲ್ಲಿ ಮರಳಿವೆ. ದ್ವಿಗುಣ ದಂಡವು ಮಾತ್ರ ಮರಳಿಲ್ಲ. ಸಭ್ಯರ ಮೇಲಿನ ದಂಡದ ಮಾತಂತೂ ಎತ್ತುವಂತಿಲ್ಲ. 1976ರ ತಿದ್ದುಪಡಿಯು ಹಣದ ಡಿಕ್ರಿಗಳಿಗೆ ಇನ್ನೊಂದು ಕಟ್ಟನ್ನು ಸೇರಿಸಿತು: ಅಪೀಲುದಾರನು ವಿವಾದದ ಮೊಬಲಗನ್ನು ನ್ಯಾಯಾಲಯವು ಗೊತ್ತುಮಾಡಿದ ಕಾಲದೊಳಗೆ ಠೇವಣಿಯಿಡಬೇಕು, ಇಲ್ಲವೆ ಅದಕ್ಕೆ ತಕ್ಕ ಭದ್ರತೆಯನ್ನು ಕೊಡಬೇಕು, ಹಾಗೆ ಮಾಡದವನಿಗೆ ತಡೆಯಾಜ್ಞೆಯು ದೊರೆಯತಕ್ಕುದಲ್ಲ.